ಲಿಡಿಯ ರಜೆ ಬಿಟ್ಟುಕೊಟ್ಟ ವರ್ಷ

ಕಳೆದ ತಿಂಗಳು ಮುಲ್ಕಿಯಲ್ಲಿ ನಮ್ಮ ನೆರೆಮನೆಗೆ ದುಬೈಯಿಂದ ಬಂದವರು ನಮ್ಮನ್ನು ಚಹಾಕ್ಕೆ ಕರೆದರು. ಕರೆದು ಬಖೂರ್ ಹಾಕಿದರು. ಅರಬರು ಮನೆಯಲ್ಲಿ ಕೆಂಡದ ಮೇಲಿಟ್ಟು ಹೊಗೆ ಹಾಕುವ ಪರಿಮಳದ ಮರದ ಚೂರು ಅದು. ಎಲ್ಲರೂ ಆಹಾ ಎಂದರು. ನಾನು ಅರ್ಧ ಲೋಟ ಚಹಾ ಬಿಟ್ಟು ಎದ್ದು ಬಂದೆ.

ಮಗಳು ಶಾಂತಿ ಹಿಂದೆಯೇ ಓಡಿ ಬಂದಳು. “ಎಂತಮ್ಮ ನೀನು? ಅವ್ರು ಎಂತ ಗ್ರಹಿಸ್ಬಹುದು?”

“ಏನಾದ್ರೂ ಗ್ರಹಿಸ್ಲಿ” ಎಂದೆ.

ಆ ಪರಿಮಳದ ಅಡಿಯಲ್ಲಿ ನನಗೆ ಇನ್ನೊಂದು ವಾಸನೆ ಬರುತ್ತದೆ. ಹುಣ್ಣಿನ ವಾಸನೆ. ಬೇರೆಯವರಿಗೆ ಬರುವುದಿಲ್ಲ, ನನಗೆ ಬರುತ್ತದೆ. ಯಾಕೆ ಎಂದು ಶಾಂತಿಗೆ ಇಷ್ಟು ವರ್ಷ ಹೇಳಿರಲಿಲ್ಲ. ಈಗ ಬರೆದಿಡುತ್ತೇನೆ, ಓದಿಕೊಳ್ಳಲಿ.

ಅದು ಎರಡು ಸಾವಿರದ ಹನ್ನೆರಡನೇ ಇಸವಿ. ಡಿಸೆಂಬರಿನಲ್ಲಿ ಲೋಕ ಮುಗಿಯುತ್ತದೆ ಎಂದು ಟೀವಿಯವರು ಹೇಳುತ್ತಿದ್ದ ವರ್ಷ. ನಾನು ಅಬುಧಾಬಿಯಲ್ಲಿ ಹಮ್ದಾನ್ ಸ್ಟ್ರೀಟಿನ ಹಿಂದಿನ ಒಂದು ಬಿಲ್ಡಿಂಗಿನಲ್ಲಿ ನಮ್ಮ ಊರ ಕಡೆಯ ಶೆಟ್ಟರ ಮನೆಯಲ್ಲಿ ಅಡುಗೆ ಮಾಡುತ್ತಿದ್ದೆ. ಲಿಡಿಯ ಅದೇ ಮನೆಯಲ್ಲಿ ಗುಡಿಸಿ ಒರೆಸಿ, ಶೆಟ್ಟರ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ನನಗೆ ಐವತ್ತೆಂಟು, ಅವಳು ಹತ್ತು ವರ್ಷ ಚಿಕ್ಕವಳು. ಉಡುಪಿಯವಳು. ನಾವಿಬ್ಬರೂ ಜರ್ಮನಿಯ ಮಿಶನರಿಗಳ ಕಾಲದಲ್ಲಿ ಕ್ರೈಸ್ತರಾದವರ ಮನೆತನದವರು, ಪ್ರಾರ್ಥನೆ ಹಾಡು ಎಲ್ಲ ಕನ್ನಡದಲ್ಲೇ. ಅವಳ ಗಂಡ ಎಂದೋ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಉಡುಪಿಯಲ್ಲಿ ಎಡ್ವಿನ್ ಎಂಬ ತಮ್ಮ ಇದ್ದ, ಅಷ್ಟೆ. ಅಡುಗೆಮನೆಯ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ, ಅದರಲ್ಲಿ ಒಂದರ ಮೇಲೊಂದು ಮಂಚ. ಕೆಳಗೆ ನಾನು, ಮೇಲೆ ಅವಳು. ಏಳು ವರ್ಷ ಹಾಗೆ ಮಲಗಿದ್ದೆವು.

ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಅಜ್ಜಿಯನ್ನು ಬಿಟ್ಟು ಇಬ್ಬರೂ ಒಟ್ಟಿಗೆ ಹೋಗುವ ಹಾಗಿರಲಿಲ್ಲ. ಆದ್ದರಿಂದ ಒಂದು ವರ್ಷ ಅವಳು, ಮರುವರ್ಷ ನಾನು. ಆ ವರ್ಷ ಲಿಡಿಯಳ ಸರದಿ.

ರಜೆ ಅಂದರೆ ಪೆಟ್ಟಿ. ಗಲ್ಫಿನಲ್ಲಿ ಮನೆಕೆಲಸ ಮಾಡುವವಳಿಗೆ ಮಂಚದ ಅಡಿಯ ಪೆಟ್ಟಿಯೇ ಆಸ್ತಿ. ಎರಡು ವರ್ಷ ಒಂದೊಂದಾಗಿ ತುಂಬಿಸುವುದು. ಆಫರಿನಲ್ಲಿ ಬಂದ ಸೋಪು, ಹಾಲಿನ ಪುಡಿ ಡಬ್ಬಿ, ಬಾದಾಮಿ, ದುಬೈಯ ದೇರಾ ಪೇಟೆಯಿಂದ ತಂದ ದಪ್ಪ ಹೂವಿನ ಕಂಬಳಿ, ತಮ್ಮನ ಹೆಂಡತಿಗೆ ನೈಟಿ. ತುಂಬಿದ ಮೇಲೂ ವಾರಕ್ಕೊಮ್ಮೆ ತೆಗೆದು ನೋಡಿ ಮತ್ತೆ ಇಡುವುದು. ಲಿಡಿಯಳ ಪೆಟ್ಟಿ ಜನವರಿಗೇ ಮುಚ್ಚಲಾರದಷ್ಟು ತುಂಬಿತ್ತು. ಅದರ ಮೇಲೆ ಕುಳಿತು ಬೀಗ ಹಾಕಬೇಕಿತ್ತು.

ಫೆಬ್ರವರಿಯಲ್ಲಿ ಒಂದು ದಿನ ಅವಳು ಬಟ್ಟೆ ಬದಲಾಯಿಸುವಾಗ ಎಡಗೈ ಪೂರ್ತಿ ಎತ್ತದ್ದು ಕಂಡೆ.

“ಎಂತ ಆಗಿದೆ ಕೈಗೆ?”

“ಅಜ್ಜಿಯನ್ನು ಎತ್ತಿ ಎತ್ತಿ ನೋವು.”

“ತೋರಿಸು.”

ತೋರಿಸಲಿಲ್ಲ. ನಾನೇ ಹಿಡಿದು ನೋಡಿದೆ. ಎಡಮೊಲೆಯ ಹೊರಗಡೆ ಗಟ್ಟಿ ಗಂಟು, ಅಡಿಕೆಯಷ್ಟು. ಅದರ ಮೇಲಿನ ಚರ್ಮ ಕಿತ್ತಳೆ ಸಿಪ್ಪೆಯ ಹಾಗಾಗಿತ್ತು. ನನ್ನ ಅತ್ತಿಗೆಗೆ ಇದೇ ಬಂದು ಹೋದದ್ದು, ನನಗೆ ಗುರುತು ಸಿಕ್ಕಿತು.

“ಇದು ನೋವಿನ ಗಂಟಲ್ಲ. ಅಮ್ಮನಿಗೆ ಹೇಳ್ಬೇಕು” ಎಂದೆ. ಅಮ್ಮ ಅಂದರೆ ಶೆಟ್ಟರ ಹೆಂಡತಿ, ಶೆಟ್ಟಿಯಮ್ಮ.

“ಬೇಡ ರೂತಕ್ಕ. ಹೇಳಿದ್ರೆ ವೀಸಾ ಕ್ಯಾನ್ಸಲ್ ಮಾಡಿ ಕಳಿಸ್ತಾರೆ. ಜೂನಿನಲ್ಲಿ ಹೇಗೂ ಊರಿಗೆ ಹೋಗ್ಲಿಕ್ಕುಂಟಲ್ಲ, ಅಲ್ಲೇ ತೋರಿಸ್ತೇನೆ.”

ಸರಿ ಎಂದೆ. ಜೂನ್ ಅಂದರೆ ನಾಲ್ಕು ತಿಂಗಳು. ಅಷ್ಟು ತಡ ಮಾಡಬಾರದೆಂದು ನನಗೆ ಗೊತ್ತಿತ್ತು. ಆದರೂ ಸರಿ ಎಂದೆ.

ಶುಕ್ರವಾರ ಬೆಳಿಗ್ಗೆ ನಮಗೆ ಮೂರು ತಾಸು ಬಿಡುವು. ಇಗರ್ಜಿ ಮುಗಿಸಿ ನಮ್ಮ ಕಡೆಯ ಹತ್ತು ಹನ್ನೆರಡು ಜನ ಒಬ್ಬರ ಫ್ಲ್ಯಾಟಿನಲ್ಲಿ ಸೇರುತ್ತಿದ್ದೆವು. ಅಲ್ಲಿ ಪಾಠ ಹೇಳುತ್ತಿದ್ದವರು ಬ್ರದರ್ ದೇವದಾಸ್. ಯಾವುದೋ ಕಂಪೆನಿಯ ಗೋಡೌನಿನಲ್ಲಿ ಸಾಮಾನು ನೋಡಿಕೊಳ್ಳುವ ಕೆಲಸ. ಸಣ್ಣ ದನಿ, ತೆಳ್ಳಗಿನ ಜನ, ಮೋಸದವರಲ್ಲ. ನಾನು ಹೋಗುತ್ತಿದ್ದದ್ದು ನಾಲ್ಕು ಗೋಡೆಯಿಂದ ಹೊರಗೆ ಬೀಳಬಹುದಲ್ಲ ಎಂದು. ಅಲ್ಲಿ ಒಳ್ಳೆಯ ಚಹಾ ಕೊಡುತ್ತಿದ್ದರು. ಲಿಡಿಯ ಹೋಗುತ್ತಿದ್ದದ್ದು ಕೇಳುವುದಕ್ಕೆ.

ಆ ವರ್ಷ ದೇವದಾಸರು ಹಿಡಿದದ್ದು ಮೊದಮೊದಲ ಕ್ರೈಸ್ತರ ಪಾಠ. ಪಕ್ಕದ ಬಿಲ್ಡಿಂಗಿನವರ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು. ಕರ್ತನು ಮೋಡದಲ್ಲಿ ಹೋದವನು ಮೋಡದಲ್ಲೇ ಬರುತ್ತಾನೆ, ತಾವು ಬದುಕಿರುವಾಗಲೇ ಬರುತ್ತಾನೆ ಎಂದು ಆ ಜನ ಗಟ್ಟಿಯಾಗಿ ನಂಬಿದ್ದರಂತೆ. ಹೊಲ ಮನೆ ಮಾರಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡರಂತೆ. ಒಬ್ಬರಿಗೊಬ್ಬರು ಸಿಕ್ಕಿದರೆ ನಮಸ್ಕಾರದ ಬದಲು ಕರ್ತನೇ ಬಾ ಎನ್ನುತ್ತಿದ್ದರಂತೆ. ಥೆಸಲೋನಿಕ ಎಂಬ ಊರಿನಲ್ಲಿ ಕೆಲವರು ಕೆಲಸಕ್ಕೆ ಹೋಗುವುದನ್ನೇ ಬಿಟ್ಟರಂತೆ, ನಾಳೆ ಲೋಕವೇ ಇಲ್ಲದ ಮೇಲೆ ಇವತ್ತು ಯಾಕೆ ದುಡಿಯಬೇಕು ಎಂದು.

“ಅವ್ರು ಮುಂದಿನ ಮಳೆಗಾಲಕ್ಕೆ ಕಟ್ಟಿಗೆ ಕೂಡಿಸಿಟ್ಟ ಜನ ಅಲ್ಲ” ಎಂದರು ದೇವದಾಸರು. “ನಮ್ಮ ನಂಬಿಕೆ ಎಲ್ಲಿ, ಅವರದ್ದೆಲ್ಲಿ?”

ಟೀವಿಯವರ ಡಿಸೆಂಬರನ್ನು ಅವರು ಒಪ್ಪಲಿಲ್ಲ. ದಿನ, ಗಳಿಗೆ ಯಾರಿಗೂ ಗೊತ್ತಿಲ್ಲ ಎಂದೇ ಹೇಳಿದರು. ಆದರೆ ಬೇಗ ಎಂದರು. ಬೇಗ ಎನ್ನುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು. ಲಿಡಿಯ ಹಿಡಿದುಕೊಂಡದ್ದು ಅದನ್ನೇ.

ಏಪ್ರಿಲಿನಲ್ಲಿ ಶುಭ ಶುಕ್ರವಾರಕ್ಕೆ ಬರ್ ದುಬೈಯಲ್ಲಿ ದೊಡ್ಡ ಕೂಟ ಇತ್ತು. ಶೆಟ್ಟಿಯಮ್ಮನಿಗೂ ಅವತ್ತು ಅಲ್ಲಿಯ ದೇವಸ್ಥಾನಕ್ಕೆ ಹೋಗಲಿಕ್ಕಿದ್ದುದರಿಂದ ನಮ್ಮನ್ನೂ ಕಾರಿಗೆ ಹಾಕಿಕೊಂಡರು. ಗಾಡಿ ಓಡಿಸಿದವನು ಮನೆಯ ಡ್ರೈವರ್ ಹಸನಬ್ಬ, ಉಳ್ಳಾಲದ ಬ್ಯಾರಿ ಮುಸಲ್ಮಾನ, ಬಾಯಿ ಮುಚ್ಚದ ಜನ. ಹೊರಗೆ ಧೂಳು ಎದ್ದು ರಸ್ತೆಯೆಲ್ಲ ಹಳದಿಯಾಗಿತ್ತು. ಮುಂದಿನ ಗಾಡಿ ಕಾಣುತ್ತಿರಲಿಲ್ಲ.

“ಲಿಡಿಯಕ್ಕ, ಇವತ್ತೇ ಬಂತಾ ಹೇಗೆ ನಿಮ್ಮ ಕಡೇ ದಿನ?” ಎಂದ ಹಸನಬ್ಬ. “ಒಂದು ಮಾತು ಮೊದ್ಲೇ ಹೇಳಿ. ನಾನು ಪೆಟ್ರೋಲ್ ಫುಲ್ ಮಾಡ್ಸಿದ್ದೇನೆ, ಸುಮ್ನೆ ದಂಡ.”

“ತಮಾಷೆ ಮಾಡ್ಬೇಡಿ ಹಸನಬ್ಬ. ಬರುವಾಗ ಗೊತ್ತಾಗ್ತದೆ.”

“ಬರ್ತಾರೆ, ಬರ್ತಾರೆ. ನಮ್ಮಲ್ಲೂ ಈಸಾ ನೆಬಿ, ಅಂದ್ರೆ ನಿಮ್ಮ ಕರ್ತನೇ, ಬರ್ತಾರೆ ಅಂತ ಉಂಟು. ನಾವೂ ಕಾಯುವುದೇ. ಆದ್ರೆ ಕಾಯ್ತಾ ಕಾಯ್ತಾ ಗಾಡಿ ಓಡಿಸ್ಬೇಕಲ್ಲ ಮಾರಾಯ್ತಿ!”

ಮುಂದಿನ ಸೀಟಿನಿಂದ ಶೆಟ್ಟಿಯಮ್ಮ ತಿರುಗಿ ನೋಡಿದರು. “ಎಂತ ಹೆದರ್ಬೇಡಿ. ನಮ್ಮ ಲೆಕ್ಕದಲ್ಲಿ ಕಲಿಯುಗ ಇನ್ನೂ ನಾಲ್ಕು ಲಕ್ಷ ವರ್ಷ ಉಂಟಂತೆ. ನಾಳೆ ಬೆಳಿಗ್ಗೆ ನೀರ್ದೋಸೆ ಮಾಡು ರೂತ್.”

ನಾನು ನಕ್ಕೆ. ಲಿಡಿಯ ನಗಲಿಲ್ಲ. ಕಿಟಕಿಯ ಹೊರಗೆ ಧೂಳನ್ನು ನೋಡುತ್ತ ಕುಳಿತಿದ್ದಳು. ಆ ಮುಖ ನನಗೆ ಸರಿ ಕಾಣಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ತಮ್ಮ ಬಸ್ಸು ಕಂಡವರು ಚೀಲ ಎತ್ತಿಕೊಂಡು ಎದ್ದು ನಿಲ್ಲುತ್ತಾರಲ್ಲ, ಆ ಮುಖ.

ಮರುದಿನ ಮಧ್ಯಾಹ್ನ ಅವಳು ಪೆಟ್ಟಿ ಎಳೆದು ಬೀಗ ತೆಗೆದಳು. ಎಲ್ಲ ಹೊರಗೆ ಹಾಕಿದಳು.

“ರೂತಕ್ಕ, ಇದೆಲ್ಲ ನೀವು ತಗೊಳ್ಳಿ.”

“ಯಾಕೆ?”

“ಆ ಜನ ಹೊಲ ಮಾರಿದ್ರು. ನನಗೆಲ್ಲಿ ಹೊಲ? ಇರುವುದು ಈ ಪೆಟ್ಟಿ. ರಜೆಯೂ ನೀವೇ ಹೋಗಿ, ನಾನು ಅಮ್ಮನಿಗೆ ಹೇಳ್ತೇನೆ. ನಾನು ಇಲ್ಲೇ ಇರ್ತೇನೆ, ನಮ್ಮ ಕೂಟದವರ ಒಟ್ಟಿಗೆ. ಅವನು ಬರುವಾಗ ಎಲ್ಲರೂ ಒಟ್ಟಿಗೆ ಇರ್ಬೇಕು.”

“ಹುಚ್ಚು ಹಿಡಿದಿದೆಯಾ? ಗಂಟು ತೋರಿಸ್ಲಿಕ್ಕೆ ಹೋಗ್ಬೇಕಲ್ಲ ನೀನು?”

“ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೊಸ ಮೈ ಕೊಡ್ತಾನೆ ಅಂತ ಉಂಟು. ಮತ್ತೆ ಹಳೇದನ್ನು ಯಾಕೆ ಕೊಯ್ಸಿ ಹೊಲಿಸುವುದು?”

“ಹೊಸ ಬಟ್ಟೆ ಬರುವವರೆಗೆ ಹರಿದದ್ದನ್ನು ಹೊಲಿದು ಹಾಕುವುದಿಲ್ವಾ? ಬತ್ತಲೆ ತಿರುಗ್ತಾರಾ?”

ಅವಳು ಕಂಬಳಿಯನ್ನು ಮಡಚಿ ನನ್ನ ಮಂಚದ ಮೇಲೆ ಇಟ್ಟಳು.

ಇಲ್ಲಿ ನಾನು ಸುಳ್ಳು ಬರೆಯುವುದಿಲ್ಲ. ಒಂದು ಸಲ ಬೈದೆ, ಎರಡು ಸಲ ಬೈದೆ. ಮೂರನೇ ಸಲ ಬೈಯಲಿಲ್ಲ. ಶಾಂತಿ ಆಗ ಎರಡನೇ ಬಸುರಿ, ಜೂನಿನಲ್ಲಿ ದಿನ ತುಂಬುವುದಿತ್ತು. ನನ್ನ ರಜೆ ಮರುವರ್ಷ. ಬಾಣಂತನಕ್ಕೆ ನಾನಿಲ್ಲ ಎಂದು ಅವಳು ಫೋನಿನಲ್ಲಿ ದಿನಾ ಅಳುತ್ತಿದ್ದಳು. ಲಿಡಿಯಳ ಕಡೇ ದಿನ ನನಗೆ ಅನುಕೂಲಕ್ಕೆ ಬಂತು. ನಾನು ಲೋಕ ಮುಗಿಯುತ್ತದೆ ಎಂದು ನಂಬಿದವಳಲ್ಲ, ಆದರೆ ನಂಬಿದವಳ ಸೋಪು, ಹಾಲಿನ ಪುಡಿ, ಕಂಬಳಿ, ರಜೆ ಎಲ್ಲ ತೆಗೆದುಕೊಂಡೆ.

ಜೂನ್, ಜುಲೈ ಊರಿನಲ್ಲಿದ್ದೆ. ಶಾಂತಿಗೆ ಹೆಣ್ಣು ಹುಟ್ಟಿತು. ಮಳೆಯಲ್ಲಿ ಬಟ್ಟೆ ಒಣಗದೆ ಒಲೆಯ ಮೇಲೆ ಹಗ್ಗ ಕಟ್ಟಿ ಮಗುವಿನ ಬಟ್ಟೆ ಒಣಗಿಸಿದೆ, ಬಾಣಂತಿಗೆ ಎಣ್ಣೆ ತಿಕ್ಕಿದೆ. ಮುಲ್ಕಿಯಿಂದ ಉಡುಪಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿ ಅವಳ ತಮ್ಮ ಎಡ್ವಿನ್ ಇದ್ದ. ಒಂದು ದಿನ ಹೋಗಿ, ನಿನ್ನ ಅಕ್ಕನಿಗೆ ಹೀಗಾಗಿದೆ, ಕರೆಸಿಕೋ ಎಂದು ಹೇಳಿದ್ದರೆ ಆಗುತ್ತಿತ್ತು. ಹೋಗಲಿಲ್ಲ. ಅವನು ಕರೆಸಿದರೆ ಶೆಟ್ಟಿಯಮ್ಮ ನನ್ನನ್ನು ತಕ್ಷಣ ವಾಪಸು ಕರೆಯುತ್ತಿದ್ದರು. ಮಳೆ ಜೋರಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮಳೆ ಜೋರಾಗಿಯೂ ಇತ್ತು.

ಆಗಸ್ಟಿನಲ್ಲಿ ವಾಪಸು ಬಂದೆ. ಉಪವಾಸದ ತಿಂಗಳು. ಏರ್‌ಪೋರ್ಟಿಗೆ ಬಂದಿದ್ದ ಹಸನಬ್ಬ ಮೊದಲ ಸಲ ಸುಮ್ಮನಿದ್ದ. ಉಪವಾಸದ ಸುಸ್ತು ಎಂದುಕೊಂಡೆ. ಮನೆಯ ಹತ್ತಿರ ಬಂದ ಮೇಲೆ ಬಾಯಿ ಬಿಟ್ಟ.

“ರೂತಕ್ಕ, ಲಿಡಿಯಕ್ಕನ ಹತ್ರ ಎಂತದೋ ಸರಿ ಇಲ್ಲ. ನನ್ನ ಹತ್ರ ಬಖೂರ್ ತರ್ಸ್ತಾರೆ, ವಾರಕ್ಕೊಂದು ಡಬ್ಬಿ. ಕೇಳಿದ್ರೆ ಪ್ರಾರ್ಥನೆಗೆ ಅಂತಾರೆ. ನಿಮ್ಮವರು ಪ್ರಾರ್ಥನೆಗೆ ಹೊಗೆ ಹಾಕುವುದಿಲ್ವಲ್ಲ?”

ನಮ್ಮವರು ಹಾಕುವುದಿಲ್ಲ. ಕೋಣೆಯ ಬಾಗಿಲು ತೆಗೆದೆ. ಹೊಗೆ ಕಣ್ಣಿಗೆ ಹೊಡೆಯಿತು. ಹೊಗೆಯ ಹಿಂದೆ ಆ ಹುಣ್ಣಿನ ವಾಸನೆ.

ಲಿಡಿಯ ನನ್ನ ಮಂಚದ ಮೇಲೆ ಕುಳಿತಿದ್ದಳು, ಮೇಲೆ ಹತ್ತಲು ಅವಳಿಗೆ ಆಗುತ್ತಿರಲಿಲ್ಲ. ಗಂಟು ಒಡೆದಿತ್ತು. ಅಜ್ಜಿಯ ಡೈಪರನ್ನು ಕತ್ತರಿಸಿ ಅದಕ್ಕೆ ಒತ್ತಿ ಕಟ್ಟಿಕೊಂಡಿದ್ದಳು. ಆ ಸ್ಥಿತಿಯಲ್ಲಿ ಎರಡು ತಿಂಗಳು ಅಜ್ಜಿಯನ್ನು ಎತ್ತಿದ್ದಾಳೆ, ನನ್ನ ಅಡುಗೆಯನ್ನೂ ಮಾಡಿದ್ದಾಳೆ.

“ಮಗು ಹೇಗುಂಟು?” ಎಂದು ಕೇಳಿದಳು.

“ಮಗು ಇರಲಿ. ಈಗಲೇ ಅಮ್ಮನಿಗೆ ಹೇಳ್ತೇನೆ.”

ಅವಳು ನನ್ನ ಎರಡೂ ಕೈ ಹಿಡಿದಳು. ಮೈ ಬಿಸಿ ಇತ್ತು. “ನಾಲ್ಕು ತಿಂಗಳು ರೂತಕ್ಕ. ನಾಲ್ಕೇ ತಿಂಗಳು. ಈಗ ಕಳಿಸಿಬಿಟ್ರೆ ಇಷ್ಟು ಕಾದದ್ದೆಲ್ಲ ಹಾಳು.”

“ಡಿಸೆಂಬರ್ ಅಂತ ನಿನ್ನ ಬ್ರದರೇ ಹೇಳಲಿಲ್ಲವಲ್ಲ?”

“ಅವರಿಗೆ ಗೊತ್ತುಂಟು. ಹೇಳ್ಬಾರ್ದು ಅಂತ ಹೇಳದೆ ಇರುವುದು.”

ನಾನು ಅವತ್ತು ಶೆಟ್ಟಿಯಮ್ಮನಿಗೆ ಹೇಳಲಿಲ್ಲ. ಮರುದಿನವೇ ಶುಕ್ರವಾರ, ಮೊದಲು ದೇವದಾಸರನ್ನು ಹಿಡಿಯೋಣ ಎಂದುಕೊಂಡೆ. ಅವರ ಮಾತು ಮಾತ್ರ ಅವಳ ಕಿವಿಗೆ ಹೋಗುತ್ತದೆ ಎಂದು ಗ್ರಹಿಸಿದ್ದೆ.

ಲಿಡಿಯ ಜ್ವರದಲ್ಲಿ ಮಲಗಿದ್ದಳು, ನಾನೊಬ್ಬಳೇ ಹೋದೆ. ಹಾಡು ಮುಗಿಯಿತು, ದೇವದಾಸರು ಪುಸ್ತಕ ತೆಗೆದರು. ನಾನು ಎದ್ದು ನಿಂತೆ. ಅಲ್ಲಿ ಹೆಂಗಸರು ಎದ್ದು ನಿಂತು ಕೇಳುವ ಕ್ರಮ ಇರಲಿಲ್ಲ.

“ಬ್ರದರ್, ಒಂದು ಕೇಳ್ಲಿಕ್ಕುಂಟು. ಹೊಲ ಮಾರಿದವರು, ಕೆಲಸ ಬಿಟ್ಟವರು, ನಾವು ಬದುಕಿರುವಾಗಲೇ ಬರ್ತಾನೆ ಅಂದವರು. ಅವರಲ್ಲಿ ಯಾರಾದ್ರೂ ಉಳಿದ್ರಾ?”

“ಅಂದ್ರೆ?”

“ಉಳಿದ್ರಾ, ಸತ್ರಾ?”

ದೇವದಾಸರು ಕನ್ನಡಕ ತೆಗೆದರು. “ಎಲ್ಲರೂ ತೀರಿಕೊಂಡ್ರು ರೂತಮ್ಮ. ಅವರಿಗೆ ಪತ್ರ ಬರೆದ ಅಪೊಸ್ತಲನೂ ತೀರಿಕೊಂಡ. ಕರ್ತನ ಮುದ್ದಿನ ಒಬ್ಬ ಶಿಷ್ಯನಿಗೆ ಸಾವೇ ಇಲ್ಲ ಅಂತ ಅವರೊಳಗೆ ಒಂದು ಸುದ್ದಿ ಹಬ್ಬಿತ್ತು. ಅವನೂ ಮುದುಕನಾಗಿ ತೀರಿಕೊಂಡ.”

“ಇದನ್ನು ಯಾಕೆ ಹೇಳಲಿಲ್ಲ ನೀವು?”

“ಹೇಳಿದ್ದೇನಲ್ಲ. ಜೂನಿನಲ್ಲಿ ಹೇಳಿದೆ. ಕಾಯುವುದು ಅಂದ್ರೆ ಕೈಕಟ್ಟಿ ಕೂರುವುದಲ್ಲ, ಕೆಲಸ ಮಾಡಿ ಉಣ್ಣಿ ಅಂತ ಅಪೊಸ್ತಲ ಅವರಿಗೆ ಗದರಿಸಿ ಬರೆದದ್ದನ್ನೂ ಹೇಳಿದೆ. ನೀವು ಊರಿನಲ್ಲಿದ್ರಿ.”

“ಲಿಡಿಯ ಇದ್ಲಲ್ಲ?”

“ನೀವು ಊರಿಗೆ ಹೋದ ಮೇಲೆ ಅವರು ಬರಲೇ ಇಲ್ಲ. ಮನೆಯಲ್ಲಿ ಇಬ್ಬರ ಕೆಲಸ, ಬಿಡುವಿಲ್ಲ ಅಂದ್ರು.”

ಆ ಮಾತು ನನಗೆ ಸರಿಯಾಗಿ ಬಿತ್ತು. ಪಾಠದ ಮೊದಲ ಅರ್ಧ ಕೇಳಿ ಅವಳು ಪೆಟ್ಟಿ ಬಿಚ್ಚಿದ್ದಳು. ಉಳಿದ ಅರ್ಧ ಹೇಳುವ ಹೊತ್ತಿಗೆ ನನ್ನ ಒಲೆಯ ಮುಂದೆ ನಿಂತಿದ್ದಳು. ನಾನು ಹುಣ್ಣಿನ ವಿಷಯ ಹೇಳಿದೆ. ದೇವದಾಸರು ಪುಸ್ತಕ ಮುಚ್ಚಿದರು. ಪಾಠ ಅಲ್ಲಿಗೇ ನಿಂತಿತು.

ಅವತ್ತು ಸಂಜೆಯೇ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು. ಲಿಡಿಯ ಗೋಡೆ ಹಿಡಿದು ಎದ್ದು ಬಂದು ಸೆರಗು ಹೊದ್ದು ನಿಂತಳು.

“ಲಿಡಿಯಮ್ಮ, ಆಸ್ಪತ್ರೆಗೆ ಹೋಗಿ. ನಾನು ಕೈಮುಗಿದು ಕೇಳ್ತೇನೆ. ಕರ್ತನು ನಾಳೆಯೇ ಬರ್ಬಹುದು, ಸಾವಿರ ವರ್ಷ ಬಿಟ್ಟೂ ಬರ್ಬಹುದು. ಅವನಿಗೆ ಸಾವಿರ ವರ್ಷ ಒಂದು ದಿನದ ಹಾಗೆ.”

“ನನಗೆ ಹಾಗಲ್ಲ ಬ್ರದರ್” ಎಂದಳು ಲಿಡಿಯ. “ಬೇಗ ಅಂತ ಹೇಳುವಾಗ ನಿಮ್ಮ ಕಣ್ಣಲ್ಲಿ ನೀರು ಬರ್ತಿತ್ತು. ನಾನು ನೋಡಿದ್ದೇನೆ. ಅದು ಸುಳ್ಳಾ?”

“ಸುಳ್ಳಲ್ಲ. ಆದ್ರೆ...”

“ಕಡೇ ದಿನದಲ್ಲಿ ಗೇಲಿ ಮಾಡುವವರು ಬರ್ತಾರೆ, ಎಲ್ಲಿ ನಿಮ್ಮ ಕರ್ತ ಅಂತ ಕೇಳ್ತಾರೆ ಅಂತ ನೀವೇ ಕಲಿಸಿದ್ರಿ. ನೀವೇ ಆ ಕಡೆ ಸೇರ್ತೀರಿ ಅಂತ ಗೊತ್ತಿರಲಿಲ್ಲ.”

ಗೋಡೌನಿನಲ್ಲಿ ತಪ್ಪು ಸಾಮಾನು ಕಳಿಸಿದರೆ ವಾಪಸು ತರಿಸಬಹುದು. ಬಾಯಿಂದ ಕಳಿಸಿದ್ದನ್ನು ತರಿಸಲು ದೇವದಾಸರಿಂದ ಆಗಲಿಲ್ಲ. ಆ ಮೇಲೆ ಅವರು ಕೂಟದಲ್ಲಿ ಪಾಠ ಹೇಳಲಿಲ್ಲ, ಬರೀ ಹಾಡು ಹಾಡಿಸಿದರು.

ಮರುದಿನ ಬೆಳಿಗ್ಗೆ ನಾನು ಶೆಟ್ಟಿಯಮ್ಮನಿಗೆ ಹೇಳಿದೆ. ಅವರು ಕೋಣೆಗೆ ಬಂದು ನೋಡಿ, ಹೊರಗೆ ಹೋಗಿ ವಾಂತಿ ಮಾಡಿಕೊಂಡು, ಮುಖ ತೊಳೆದು, ಹಸನಬ್ಬನಿಗೆ ಗಾಡಿ ತರಲು ಹೇಳಿದರು. ಅವಳು ಹೆದರಿದ ಹಾಗೆ ವೀಸಾ ಕ್ಯಾನ್ಸಲ್ ಮಾಡಲಿಲ್ಲ. ಫೆಬ್ರವರಿಯಲ್ಲಿ ಹೇಳಿದ್ದರೂ ಮಾಡುತ್ತಿರಲಿಲ್ಲ. ನಾವಿಬ್ಬರೂ ಅವರನ್ನು ತಪ್ಪು ತಿಳಿದಿದ್ದೆವು.

“ನಿನಗೆ ಯಾವಾಗಿನಿಂದ ಗೊತ್ತು ರೂತ್?” ಎಂದು ಕೇಳಿದರು.

“ಫೆಬ್ರವರಿಯಿಂದ” ಎಂದೆ.

ಅವರು ಡಿಸೆಂಬರಿನವರೆಗೆ ಅಡುಗೆ ಏನು ಎಂದು ಹೇಳುವುದನ್ನು ಬಿಟ್ಟರೆ ನನ್ನೊಡನೆ ಬೇರೆ ಮಾತಾಡಲಿಲ್ಲ.

ಡಾಕ್ಟರು ಎಲುಬಿಗೆ ಹೋಗಿದೆ ಎಂದರು. ಕೊಯ್ದು ಪ್ರಯೋಜನವಿಲ್ಲ, ನೋವಿಗೆ ಮಾತ್ರ ಮದ್ದು. ಊರಿಗೆ ಕಳಿಸುತ್ತೇವೆ, ಒಟ್ಟಿಗೆ ಜನವನ್ನೂ ಕಳಿಸುತ್ತೇವೆ ಎಂದರು ಶೆಟ್ಟರು. ಎಡ್ವಿನ್ ಫೋನಿನಲ್ಲಿ ಅತ್ತ, ಬಾ ಎಂದ. ಅವಳು ಒಪ್ಪಲಿಲ್ಲ. ಮೂರು ತಿಂಗಳು ಅದೇ ಕೋಣೆಯಲ್ಲಿ ಕೆಳಗಿನ ಮಂಚದಲ್ಲಿ ಮಲಗಿದಳು, ನಾನು ಮೇಲೆ. ದಿನಕ್ಕೆ ಎರಡು ಸಲ ನಾನೇ ಹುಣ್ಣು ತೊಳೆದು ಕಟ್ಟಿದೆ. ಬಖೂರ್ ಹಾಕುವುದನ್ನು ನಿಲ್ಲಿಸಿದೆ, ವಾಸನೆ ಬಂದರೆ ಬರಲಿ ಎಂದೆ. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು.

ನವೆಂಬರ್ ಕಡೆಗೆ ಆಸ್ಪತ್ರೆಗೆ ಹಾಕಿದರು. ನ್ಯಾಶನಲ್ ಡೇ ಹತ್ತಿರ ಬಂದು ಕಾರುಗಳಿಗೆಲ್ಲ ಬಾವುಟ ಅಂಟಿಸಿ ಹಾರ್ನ್ ಹೊಡೆಯುತ್ತ ತಿರುಗುತ್ತಿದ್ದರು. ಮಧ್ಯಾಹ್ನದ ಅಡುಗೆ ಮುಗಿಸಿ ನಾನು ಹೋಗುತ್ತಿದ್ದೆ. ಅಷ್ಟರಲ್ಲಿ ಅವಳು ಒಣಗಿ ಕಡ್ಡಿಯಾಗಿದ್ದಳು. ನೋವು ಎನ್ನುತ್ತಿರಲಿಲ್ಲ. ಅವಳ ಹೆದರಿಕೆ ಬೇರೆಯೇ ಇತ್ತು, ಒಂದು ದಿನ ಹೇಳಿದಳು.

“ರೂತಕ್ಕ, ನಾನು ಮೊದ್ಲೇ ಹೋಗಿಬಿಡ್ತೇನೆ ಅಂತ ಕಾಣ್ತದೆ.”

“ಎಲ್ಲಿಗೆ?”

“ಸಾಯ್ತೇನೆ ಅಂತ. ಅವನು ಬರುವಾಗ ನಾನು ಇರುವುದಿಲ್ಲ. ಬಸ್ಸು ಬರುವ ಮೊದ್ಲು ಸ್ಟ್ಯಾಂಡಿನಲ್ಲಿ ನಿದ್ದೆ ಬಂದ ಹಾಗೆ. ಎಲ್ಲ ಹತ್ತಿ ಹೋಗ್ತಾರೆ, ನಾನೊಬ್ಳು ಬಾಕಿ.”

ದೇವದಾಸರಿಗೆ ಫೋನ್ ಮಾಡಿದೆ. ಅವರು, ಆ ಥೆಸಲೋನಿಕದವರಿಗೂ ಇದೇ ದಿಗಿಲಿತ್ತು ರೂತಮ್ಮ, ಅವರಲ್ಲೂ ಕೆಲವರು ಕಾಯುತ್ತ ಕಾಯುತ್ತ ತೀರಿಕೊಂಡಿದ್ದರು, ಅದಕ್ಕೇ ಅಪೊಸ್ತಲ ಆ ಪತ್ರ ಬರೆದದ್ದು ಎಂದು ಹೇಳಿ, ಬೈಬಲಿನಲ್ಲಿ ಯಾವ ಪುಟ ಎಂದು ತಿಳಿಸಿದರು. ನೀವೇ ಬಂದು ಓದಿ ಎಂದೆ. ನನ್ನ ಬಾಯಿಂದ ಅವರು ಕೇಳಲಿಕ್ಕಿಲ್ಲ, ನೀವು ಓದಿ ಎಂದರು.

ಲಿಡಿಯಳಿಗೆ ಅಕ್ಷರ ಬರುತ್ತಿರಲಿಲ್ಲ. ನನಗೆ ನಾಲ್ಕನೇ ಕ್ಲಾಸಿನ ಅಕ್ಷರ. ಬೆರಳಿಟ್ಟು ಒಂದೊಂದೇ ಓದಿದೆ, ಅರ್ಧ ಗಂಟೆ ಹಿಡಿಯಿತು. ಸತ್ತವರ ವಿಷಯದಲ್ಲಿ ದುಃಖ ಬೇಡ, ಅವರು ಹಿಂದೆ ಉಳಿಯುವುದಿಲ್ಲ ಎಂದಿತ್ತು.

“ಅಂದ್ರೆ ಎಂತ?” ಎಂದಳು.

“ಮಲಗಿದವರನ್ನೇ ಮೊದ್ಲು ಎಬ್ಬಿಸುವುದಂತೆ. ಎಚ್ಚರ ಇದ್ದವರು ಆ ಮೇಲೆ.”

“ಕಂಡಕ್ಟರ್ ಎಬ್ಬಿಸ್ತಾನಾ?”

“ಎಬ್ಬಿಸ್ತಾನೆ.”

“ನೀವು ನಂಬ್ತೀರಾ ರೂತಕ್ಕ?”

“ಬರೆದದ್ದನ್ನು ಓದಿದೆ” ಎಂದೆ.

“ಹಾಗಾದ್ರೆ ಸತ್ತ ಮೇಲೆ ನನ್ನನ್ನು ಊರಿಗೆ ಸಾಗಿಸ್ಬೇಡಿ. ಕಾರ್ಗೋದಲ್ಲಿ ಪೆಟ್ಟಿಗೆ ಕಟ್ಟಿ, ಅದೆಲ್ಲ ಬೇಡ. ಮಲಗಿದಲ್ಲೇ ಏಳ್ತೇನೆ.” ಇನ್ನೊಂದು ಸಲ ಓದಲು ಹೇಳಿದಳು. ಓದಿದೆ. ಮರುದಿನವೂ ಓದಿಸಿದಳು. ಎರಡನೇ ದಿನ ಸ್ವಲ್ಪ ಬೇಗ ಓದಲು ಬಂತು.

ಡಿಸೆಂಬರ್ ಹತ್ತು ಕಳೆದು ಒಂದು ಬೆಳಿಗ್ಗೆ ತೀರಿಕೊಂಡಳು. ಟೀವಿಯವರ ದಿನಕ್ಕೆ ಇನ್ನೂ ವಾರದ ಮೇಲಿತ್ತು. ಅವಳು ಹೇಳಿದ ಹಾಗೆಯೇ ಮಾಡಿ ಎಂದ ಎಡ್ವಿನ್.

ಮುಸಲ್ಮಾನರಲ್ಲದವರನ್ನು ಹೂಳುವ ಜಾಗ ಊರ ಹೊರಗೆ ಮರಳಿನಲ್ಲಿದೆ. ಅವತ್ತು ಮಂಜು. ಅಲ್ಲಿ ಡಿಸೆಂಬರಿನ ಮಂಜು ಅಂದರೆ ಚಾಚಿದ ಕೈ ಕಾಣುವುದಿಲ್ಲ. ಎಂಟೂವರೆಯಾದರೂ ಸೂರ್ಯನ ಸುಳಿವಿರಲಿಲ್ಲ, ಎಲ್ಲ ಕಡೆಯೂ ಒಂದೇ ಬಿಳಿ. ಪ್ರಾರ್ಥನೆಗೆ ದೇವದಾಸರು, ಕೂಟದ ಆರು ಜನ, ಶೆಟ್ಟಿಯಮ್ಮ, ನಾನು. ಹಸನಬ್ಬ ಗಾಡಿಯ ಹತ್ತಿರ ನಿಂತಿದ್ದ. ಗುಂಡಿ ತೋಡಿದ ಇಬ್ಬರು ಪಠಾಣರು ಹಗ್ಗ ಹಾಕಿ ಪೆಟ್ಟಿಗೆ ಇಳಿಸಿದರು. ಮಣ್ಣು ಹಾಕಲು ಸಲಿಕೆ ಎತ್ತಿದರು.

“ನಿಲ್ಲಿಸಿ” ಎಂದೆ. “ಕಾಲು ಯಾವ ಕಡೆ?”

ಯಾರಿಗೂ ಗೊತ್ತಿರಲಿಲ್ಲ. ನಮ್ಮವರು ಸತ್ತವರನ್ನು ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ ಮಾಡಿ ಹೂಳುವುದು. ಕರ್ತನು ಮೂಡಣದಿಂದ ಬರುತ್ತಾನೆ, ಎದ್ದು ಕುಳಿತರೆ ನೇರ ಅವನ ಮುಖ ಕಾಣಬೇಕು. ಅದು ಆ ಮೊದಲಿನ ಜನರಿಂದಲೇ ಬಂದ ಕ್ರಮ ಎಂದು ದೇವದಾಸರೇ ಒಮ್ಮೆ ಹೇಳಿದ್ದರು.

“ದೇವರಿಗೆ ದಿಕ್ಕು ಗೊತ್ತಿಲ್ವಾ ರೂತಮ್ಮ” ಎಂದರು ದೇವದಾಸರು ಮೆಲ್ಲನೆ. “ಹಗ್ಗ ತೆಗೆದಾಯ್ತು. ಇರಲಿ.”

“ದೇವರಿಗೆ ಗೊತ್ತಿರ್ಬಹುದು. ಅವಳಿಗೆ ಗೊತ್ತಾಗ್ಬೇಕಲ್ಲ?”

ಹಸನಬ್ಬನನ್ನು ಕೂಗಿದೆ. ದಿನಕ್ಕೆ ಐದು ಸಲ ನಮಾಜಿಗೆ ದಿಕ್ಕು ನೋಡುವವನು ಅವನು. ಗುಂಡಿಯ ಹತ್ತಿರ ಬಂದು ಪಠಾಣರನ್ನು ಏನೋ ಕೇಳಿದ, ಅವರೂ ಕೈ ತೋರಿಸಿದರು.

“ರೂತಕ್ಕ, ನಮ್ಮ ಕಿಬ್ಲಾ ಇಲ್ಲಿಂದ ಪಡುವಣಕ್ಕೆ. ಅದು ಆಚೆ. ಹಾಗಾದ್ರೆ ನಿಮ್ಮ ಮೂಡು ಈಚೆ. ಲಿಡಿಯಕ್ಕ ಉಲ್ಟಾ ಮಲಗಿದ್ದಾರೆ.”

“ತಿರುಗ್ಸಿ” ಎಂದೆ.

ಶೆಟ್ಟಿಯಮ್ಮ ನನ್ನ ಮುಖ ನೋಡಿದರು. ಆಗಸ್ಟಿನ ನಂತರ ಮೊದಲ ಸಲ. “ಅವಳು ಹೇಳಿದ ಹಾಗೆ ಮಾಡಿ” ಎಂದರು ಪಠಾಣರಿಗೆ, ಹಿಂದಿಯಲ್ಲಿ.

ಪಠಾಣರು ಗೊಣಗುತ್ತ ಗುಂಡಿಗಿಳಿದು ಮತ್ತೆ ಹಗ್ಗ ಹಾಕಿದರು. ಹಸನಬ್ಬನೂ ಒಂದು ತುದಿ ಹಿಡಿದ, ದೇವದಾಸರು ಇನ್ನೊಂದು. ಮೇಲೆತ್ತಿ, ತಿರುಗಿಸಿ, ಇಳಿಸಿದರು. ಅಷ್ಟು ಹಗುರ ಇದ್ದಳು, ನಾಲ್ವರು ಬೇಕಿರಲಿಲ್ಲ.

ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಗಾಡಿಗೆ ಹೋದರು. ನಾನು ಅವಳ ತಲೆಯ ಕಡೆ ನಿಂತು ಅವಳ ಕಾಲಿನ ಕಡೆಗೆ ನೋಡಿದೆ. ಮಂಜು ಮೆಲ್ಲಗೆ ಎದ್ದಿತು. ಮೊದಲು ಒಂದು ಸಿಮೆಂಟಿನ ಗೋಡೆ ಕಂಡಿತು. ಗೋಡೆಯಾಚೆ ಹಳೆಯ ಟ್ರಕ್ಕುಗಳನ್ನು ನಿಲ್ಲಿಸುವ ಜಾಗ, ಕರೆಂಟಿನ ಕಂಬ, ಮರಳು. ಸೂರ್ಯ ಎದುರಿಗೆ ಇರಲಿಲ್ಲ, ತುಂಬ ಬಲಕ್ಕಿದ್ದ.

“ಹಸನಬ್ಬ, ನೀನು ತಪ್ಪು ಹೇಳಿದ್ಯಾ?” ಎಂದು ಕೂಗಿ ಕೇಳಿದೆ.

“ಇಲ್ಲ ರೂತಕ್ಕ. ಚಳಿಗಾಲದಲ್ಲಿ ಅವನು ತೆಂಕಿಗೆ ಸರಿದು ಹುಟ್ಟುವುದು. ಗಂಟೆಯೂ ಒಂಬತ್ತಾಯ್ತಲ್ಲ. ಮಾರ್ಚಿನಲ್ಲಿ ಬೆಳಿಗ್ಗೆ ಬಂದು ನೋಡಿ, ನೇರ ಕಾಣ್ತಾನೆ.”

ಮಾರ್ಚಿನವರೆಗೆ ನಾನು ಅಲ್ಲಿರಲಿಲ್ಲ. ಜನವರಿಯಲ್ಲಿ ಶೆಟ್ಟಿಯಮ್ಮ ನನ್ನ ಲೆಕ್ಕ ಮುಗಿಸಿ ಟಿಕೆಟು ಕೊಟ್ಟು ಕಳಿಸಿದರು. ಅದು ನ್ಯಾಯವೇ. ಹಾಗಾಗಿ ಹಸನಬ್ಬ ಹೇಳಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ.